ಮಾರಿಕಣಿವೆಗೆ ನಾಲ್ಕು ಕೆಜಿ

ಗುಂಪು: ದಾವಣಗೆರೆ ಮನೆ

ಶಿವಣ್ಣ ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ!! ಗರ್ಭನಿರೋಧಕ ಮಾತ್ರೆ ಕೆರೆಗೆ ಸೇರಿ ಗಂಡು ಮೀನುಗಳು ಹೆಣ್ಣಾಗಿವೆ. ಕೆನಡಾ ವಿಜ್ಞಾನಿಯ ಸಂಶೋಧನೆ. ಮುಂದೆ ಮನುಷ್ಯರ ಸರದಿ!! ಎಲ್ಲರಿಗೂ ಕಳುಹಿಸಿ.

ಶಿವಣ್ಣ ದೊಡ್ಡಪ್ಪ: ಇನ್ನು ಮೇಲೆ ಮನೆಗೆ ಸೂಳೆಕೆರೆ ಮೀನು ತರಬೇಡಿ.

ಪ್ರವೀಣ: ದೊಡ್ಡಪ್ಪ, ಹೋದ ಭಾನುವಾರ ಮೂರು ತುಂಡು ಜಾಸ್ತಿ ಹಾಕಿಸಿಕೊಂಡವರು ಯಾರು?

ಮಂಜಣ್ಣ ಮಾವ: ಸುಮ್ನೆ ಸುಳ್ಳು. ಹೋದ ತಿಂಗಳು ಕಲ್ಲಂಗಡಿಗೆ ಇಂಜೆಕ್ಷನ್ ಅಂದ್ರಿ, ಅದಕ್ಕೂ ಮೊದಲು ಅಕ್ಕಿಯೇ ಪ್ಲಾಸ್ಟಿಕ್ ಅಂದ್ರಿ. ಈಗ ಮೀನು.

ಕವಿತಾ: ಮಾವ, ಇದು ಪೂರ್ತಿ ಸುಳ್ಳಲ್ಲ. ಆದರೆ ಫಾರ್ವರ್ಡ್ ಹೇಳಿದಷ್ಟು ನಿಜವೂ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆ ಅಂತಲೇ ಬಿಟ್ಟ ಕೆರೆಗಳಿವೆ. ಅಲ್ಲಿ ಕರೆನ್ ಕಿಡ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ 260ನೇ ನಂಬರಿನ ಕೆರೆಗೆ 2001ರಿಂದ 2003ರವರೆಗೆ, ಮೂರು ಬೇಸಿಗೆ, ಆ ಮಾತ್ರೆಯಲ್ಲಿರುವ ಹಾರ್ಮೋನನ್ನು ಬೇಕಂತಲೇ ಬೆರೆಸಿದರು. ಫ್ಯಾಟ್‌ಹೆಡ್ ಮಿನ್ನೋ ಅಂತ ಬೆರಳುದ್ದದ ಮೀನು. ಗಂಡು ಮೀನಿನ ಮೈಯಲ್ಲಿ ಮೊಟ್ಟೆಗೆ ಬೇಕಾದ ಪ್ರೋಟೀನ್ ತಯಾರಾಗತೊಡಗಿತು. ಆಮೇಲೆ ಮರಿಗಳೇ ಇಲ್ಲ. ಆ ಕೆರೆಯಲ್ಲಿ ಆ ಜಾತಿ ಹೆಚ್ಚುಕಡಿಮೆ ನಿರ್ನಾಮವಾಯಿತು. 2007ರಲ್ಲಿ ಪ್ರಕಟವಾದದ್ದು ಇದು.

ಶಿವಣ್ಣ ದೊಡ್ಡಪ್ಪ: ನಾನು ಹೇಳಿದ್ದೂ ಅದೇ!

ಕವಿತಾ: ಅಲ್ಲ ದೊಡ್ಡಪ್ಪ. ನೀವು ಮನುಷ್ಯರ ಸರದಿ ಅಂದ್ರಿ. ಮೀನು ಹುಟ್ಟಿದಾಗಿನಿಂದ ಹಗಲು ರಾತ್ರಿ ಆ ನೀರಲ್ಲೇ ಇರುತ್ತದೆ, ಕಿವಿರಿನಿಂದ ಅದನ್ನೇ ಎಳೆದುಕೊಳ್ಳುತ್ತದೆ. ನಾವು ಕುಂದವಾಡ ಕೆರೆಯಲ್ಲಿ ಉಸಿರಾಡುತ್ತೇವಾ? ಸುತ್ತ ವಾಕಿಂಗ್ ಮಾಡುತ್ತೇವೆ ಅಷ್ಟೆ.

ಮಂಜಣ್ಣ ಮಾವ: ಎಷ್ಟು ಸುರಿದರಂತೆ? ಡ್ರಮ್‌ಗಟ್ಟಲೆ ಹಾಕಿದರೆ ಯಾವ ಮೀನು ಉಳಿಯುತ್ತೆ? ಉಪ್ಪು ಹಾಕಿದರೂ ಸಾಯುತ್ತೆ. ಹಿರಿಯೂರಿನಲ್ಲಿ ಇಪ್ಪತ್ತು ವರ್ಷದಿಂದ ಗೊಬ್ಬರ, ಬೆಳೆ ಔಷಧಿ ಅಂಗಡಿ ಇಟ್ಟಿದ್ದೇನೆ, ಡೋಸ್ ಅಂದರೇನು ಅಂತ ನನಗೆ ಹೇಳಿಕೊಡಬೇಡಿ.

ಕವಿತಾ: ಲೀಟರಿಗೆ 5ರಿಂದ 6 ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ನಿಮ್ಮೂರಿನ ಲೆಕ್ಕದಲ್ಲೇ ಹೇಳ್ತೀನಿ. ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್, ಅದಕ್ಕೆ 140 ಗ್ರಾಂ ಸಾಕು. ಮಾರಿಕಣಿವೆ ಡ್ಯಾಮ್ ತುಂಬಿದರೆ ಸುಮಾರು 30 ಟಿಎಂಸಿ. ಅಷ್ಟಕ್ಕೂ ಬೇಕಾಗುವುದು ನಾಲ್ಕು ಕೆಜಿ ಚಿಲ್ಲರೆ.

ಮಂಜಣ್ಣ ಮಾವ: ಏನೋ ತಪ್ಪಿದೆ. ಇರು, ನೋಡ್ತೀನಿ.

ಶಿವಣ್ಣ ದೊಡ್ಡಪ್ಪ: ಅದಕ್ಕೇ ಹೇಳೋದು, ಈಗಿನ ಹೆಣ್ಣುಮಕ್ಕಳು ಈ ಮಾತ್ರೆ ನುಂಗುವುದನ್ನು ನಿಲ್ಲಿಸಬೇಕು.

ಸುಮಾ ಚಿಕ್ಕಮ್ಮ: ಬಂತು ನೋಡಿ! ಒಲೆ ಉರಿಯದಿದ್ದರೂ ನಾವೇ ಕಾರಣ, ಕೆರೆ ಕೆಟ್ಟರೂ ನಾವೇ ಕಾರಣ. ಭಾವ, ನಿಮ್ಮ ಮಂಡಿನೋವಿನ ಮಾತ್ರೆ ಎಲ್ಲಿಗೆ ಹೋಗುತ್ತೆ? ನೇರ ಕೈಲಾಸಕ್ಕಾ?

ಕವಿತಾ: ಚಿಕ್ಕಮ್ಮ ಸರಿಯಾಗಿ ಕೇಳಿದರು. ಎಲ್ಲರ ಮೂತ್ರದಲ್ಲೂ ಔಷಧ ಹೊರಗೆ ಹೋಗುತ್ತದೆ. ಕೊಳಚೆ ಶುದ್ಧ ಮಾಡುವ ಘಟಕ ಎಲ್ಲವನ್ನೂ ಹಿಡಿಯುವುದಿಲ್ಲ, ಅದನ್ನು ಕಟ್ಟಿದ್ದೇ ಬೇರೆ ಕೆಲಸಕ್ಕೆ. ನಿಮ್ಮ ನೋವಿನ ಮಾತ್ರೆ ಡೈಕ್ಲೊಫೆನಾಕ್ ತಾನೇ? ಅದನ್ನೇ ದನಗಳಿಗೆ ಕೊಟ್ಟು, ಸತ್ತ ದನ ತಿಂದ ರಣಹದ್ದುಗಳು ಹೆಚ್ಚುಕಡಿಮೆ ಮುಗಿದುಹೋದವು, 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಇನ್ನು ಮನೆಯವರನ್ನೇ ಬೈಯುವುದಾದರೆ ಇದನ್ನೂ ಕೇಳಿ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ಒಂದು ಘಟಕಕ್ಕೆ ಬರುತ್ತಿತ್ತು. ಶುದ್ಧ ಮಾಡಿ ಬಿಟ್ಟ ನೀರನ್ನು ಸ್ವೀಡನ್ನಿನ ಯೊಆಕಿಮ್ ಲಾರ್ಸನ್ ತಂಡ ಪರೀಕ್ಷಿಸಿತು. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಒಂದೇ ದಿನಕ್ಕೆ ಸುಮಾರು 44 ಕೆಜಿ! ಇಡೀ ಸ್ವೀಡನ್ ಐದು ದಿನ ನುಂಗುವಷ್ಟು. ಇದನ್ನು ಯಾವ ಹೆಂಗಸು ನುಂಗಿದ್ದಳು ದೊಡ್ಡಪ್ಪ?

ಸುಮಾ ಚಿಕ್ಕಮ್ಮ: ಹಾಗೆ ಕೇಳು!

ಶಿವಣ್ಣ ದೊಡ್ಡಪ್ಪ: ಸರಿ ಸರಿ. ಸೂಳೆಕೆರೆ ಮೀನು ತಿನ್ನಬಹುದೋ ಬೇಡವೋ, ಅಷ್ಟು ಹೇಳು.

ಕವಿತಾ: ಅದನ್ನು ಕೆನಡಾದ ಕೆರೆ ಹೇಗೆ ಹೇಳುತ್ತದೆ? ಸೂಳೆಕೆರೆ ನೀರನ್ನೇ ಪರೀಕ್ಷೆ ಮಾಡಿಸಬೇಕು. ಅಂದ ಹಾಗೆ ಫಾರ್ವರ್ಡ್‌ನಲ್ಲಿ ಬಿಟ್ಟ ಮಾತು ಒಂದಿದೆ. ಹಾರ್ಮೋನ್ ಹಾಕುವುದು ನಿಲ್ಲಿಸಿದ ಮೇಲೆ ಕೆಲವು ವರ್ಷಗಳಲ್ಲಿ ಆ ಮೀನು ಅಲ್ಲಿ ಮತ್ತೆ ತುಂಬಿಕೊಂಡವು.

ಪ್ರವೀಣ: ಅಜ್ಜಿಯ ಕಪಾಟಿನಲ್ಲಿ ಒಂದು ಕವರ್ ತುಂಬ ಹಳೇ ಮಾತ್ರೆ ಇದೆ. ಅಮ್ಮ ಈಗಷ್ಟೇ ಟಾಯ್ಲೆಟ್‌ಗೆ ಹಾಕು ಅಂದರು.

ಸುಮಾ ಚಿಕ್ಕಮ್ಮ: ಏ, ಹಾಕಬೇಡ! ಅಲ್ಲೇ ಇಡು, ಮೆಡಿಕಲ್ ಅಂಗಡಿಯವರು ವಾಪಸ್ ತಗೋತಾರಾ ಕೇಳೋಣ.

ಮಂಜಣ್ಣ ಮಾವ: ಲೆಕ್ಕ ಹಾಕಿದೆ. ಲೀಟರಿಗೆ 5ರಂತೆ ಹಿಡಿದರೆ 4 ಕೆಜಿ 248 ಗ್ರಾಂ. ಎರಡು ಸಲ ಹಾಕಿದೆ, ಅಷ್ಟೇ ಬಂತು.

ಮಂಜಣ್ಣ ಮಾವ: ನಮ್ಮ ಅಂಗಡಿ ಹುಡುಗ, ಬಾಟಲಿ ಒಡೆದಾಗ ನೆಲ ತೊಳೆದ ನೀರನ್ನು ಎಲ್ಲಿಗೆ ಬಿಡ್ತಾನೆ ಅಂತ ಇವತ್ತಿನವರೆಗೆ ನೋಡಿಲ್ಲ.

ಶಿವಣ್ಣ ದೊಡ್ಡಪ್ಪ: ಪ್ರವೀಣ, ಬೇರೆ ಗುಂಪುಗಳಿಗೂ ಕಳುಹಿಸಿದ್ದೆ. ಅಳಿಸೋದು ಹೇಗೆ?