ಕೆಲಸದ ಭರವಸೆಯೇ ಇಲ್ಲದಾಗ ಸ್ತೋತ್ರ ಹೇಳುವುದು ಹೇಗೆ?

ಕೌಲ್ ಬಜಾರ್ ಅಕ್ಕ, ಬಳ್ಳಾರಿ:
ನಾನು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತೇನೆ. ಪೀಸ್ ಲೆಕ್ಕದ ಕೂಲಿ. ಆರ್ಡರ್ ಬಂದರೆ ರಾತ್ರಿಯಾದರೂ ಮಿಷನ್ ನಿಲ್ಲುವುದಿಲ್ಲ. ಇಲ್ಲದಿದ್ದರೆ ವಾರಗಟ್ಟಲೆ ಮನೆಯಲ್ಲೇ. ಮಗಳ ಕಾಲೇಜು ಫೀಸ್ ಬಾಕಿ ಇದೆ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಕೈ ಎತ್ತಿ ಸ್ತೋತ್ರ ಹೇಳುವಾಗ ನನಗೆ ಬಾಯೇ ಬರುವುದಿಲ್ಲ. ವಿಶ್ವಾಸ ಬಿಟ್ಟಿಲ್ಲ. ಆದರೆ ಇಲ್ಲದ ಸಂತೋಷ ತೋರಿಸಿದರೆ ದೇವರ ಮುಂದೆ ಸುಳ್ಳು ಹೇಳಿದಂತೆ ಅಲ್ವಾ?

ಸಿಂಧನೂರಿನ ರೈತ:
ಅಕ್ಕಾ, ಸುಮ್ನೆ ತೋರಿಸಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಕಾಲುವೆ ನೀರು ನಂಬಿದ ನಮಗೆ ನಿದ್ದೆಯೇ ಇರಲಿಲ್ಲ. ಆಗ ಮನೆಯಲ್ಲಿ ಬೈಬಲಿನ ಹಬಕ್ಕೂಕ 3:17 ಓದಿದೆವು. ಅಂಜೂರ ಚಿಗುರಲಿಲ್ಲ, ಹೊಲದಲ್ಲಿ ಬೆಳೆ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಹೀಗೆ ಇಲ್ಲದ್ದನ್ನೆಲ್ಲ ಹೆಸರು ಹಿಡಿದು ಹೇಳಿದ ಮೇಲೇ ಪ್ರವಾದಿ ಹಬಕ್ಕೂಕ ಕರ್ತನಲ್ಲಿ ಉಲ್ಲಾಸಪಡುವುದು. ನೀವೂ ಮೊದಲು ಫೀಸಿನ ಮಾತು ಎತ್ತಿ. ಆಮೇಲೆ ಸ್ತೋತ್ರ.

ನಿವೃತ್ತ ಟೀಚರ್, ರಾಯಚೂರು:
ತಮ್ಮ ಹೇಳಿದ್ದು ಸರಿ. ಇನ್ನೊಂದು ಮಾತು ತಾಯಿ. ಇದ್ದದ್ದರಲ್ಲೇ ತೃಪ್ತಿಯಾಗಿರಲು ಕಲಿತಿದ್ದೇನೆ ಎಂದು ಯೇಸುವಿನ ಸುವಾರ್ತೆ ಸಾರಿದ ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಪೂರ್ತಿ ಓದಿ. ಫಿಲಿಪ್ಪಿ ಊರಿನ ವಿಶ್ವಾಸಿಗಳು ಎಪಫ್ರೊದೀತನ ಕೈಯಲ್ಲಿ ಕಳಿಸಿದ ನೆರವು ಮುಟ್ಟಿತು ಎಂದು ಅಲ್ಲೇ ಹೇಳುತ್ತಾನೆ. ತೃಪ್ತಿ ಇದ್ದವನೂ ಸಹಾಯ ತೆಗೆದುಕೊಂಡ. ಸಭೆಯ ಹೆಂಗಸರಿಗೆ ನಿಮ್ಮ ಕಷ್ಟ ತಿಳಿಸಿ. ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಕೌಲ್ ಬಜಾರ್ ಅಕ್ಕ:
ಪೌಲನೂ ತೆಗೆದುಕೊಂಡ ಅನ್ನುವುದು ನನಗೆ ತುಂಬಾ ಧೈರ್ಯ ಕೊಟ್ಟಿತು ಟೀಚರ್. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಬಾಯಿಬಿಟ್ಟು ಹೇಳುತ್ತೇನೆ. ಮಗಳ ಹೆಸರು ಹೇಳದೆ ಕೇಳಬಹುದಾ? ಅವಳಿಗೆ ಸಂಕೋಚ ಜಾಸ್ತಿ.