ರೂಪಾಯಿ ಒತ್ತಬೇಡವೋ ಸೀನ!

ನಮ್ಮ ಸೀನ ಕಂಪನಿ ಕೆಲಸಕ್ಕೆ ಆಗಾಗ ಸಿಂಗಾಪುರಕ್ಕೆ ಹಾರುವ ಆಸಾಮಿ. ಮೊನ್ನೆ ಕಾಫಿಗೆ ಕೂತಾಗ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದ. ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

“ಅಂಗಡಿಯ ಮಷೀನು ಕೇಳಿತು, ಸಿಂಗಾಪುರ ಡಾಲರೋ ಇಂಡಿಯನ್ ರೂಪಾಯಿಯೋ ಅಂತ. ಪರದೇಶದಲ್ಲಿ ನಮ್ಮ ರೂಪಾಯಿ ಕಂಡು ಖುಷಿಯಾಯಿತು. ಒತ್ತಿಬಿಟ್ಟೆ.”

“ಭಲೇ ದೇಶಭಕ್ತ!” ಎಂದ ಗೋಪಿ. ಅವನು ದುಬೈಯಲ್ಲಿ ಪಳಗಿದವನು. “ಡಾಲರನ್ನು ರೂಪಾಯಿಗೆ ಬದಲಿಸಿದ ಆ ದರ ನಿನ್ನ ಬ್ಯಾಂಕಿನದಲ್ಲ ಮಾರಾಯ. ಅಂಗಡಿಯವರ ಕಡೆಯವರು ತಮ್ಮ ಲಾಭ ಸೇರಿಸಿ ಹಾಕಿದ್ದು. ಅದರ ಮೇಲೆ ಇಲ್ಲಿನ ಕೆಲವು ಬ್ಯಾಂಕುಗಳೂ ಶುಲ್ಕ ಕೀಳುತ್ತವೆ. ಎಟಿಎಮ್ಮಲ್ಲೂ ಇದೇ ಆಟ. ಯಾವ ಊರಲ್ಲಿದ್ದೀಯೋ ಆ ಊರಿನ ದುಡ್ಡನ್ನೇ ಒತ್ತು.”

“ಆ ಊರಿನ ದುಡ್ಡು ಒತ್ತಿದರೆ ನನ್ನ ಬ್ಯಾಂಕು ಸುಮ್ನೆ ಬಿಡುತ್ತಾ?”

“ಎಲ್ಲಿ ಬಿಡುತ್ತೆ? ಮಾರ್ಕಪ್ ಅಂತ ವಿದೇಶಿ ಖರ್ಚಿನ ಮೇಲೆ ಶುಲ್ಕ ಹಾಕುತ್ತೆ. ಅದು 3.5 ಶೇಕಡಾ ಇರುವ ಕಾರ್ಡಾದರೆ ಲಕ್ಷಕ್ಕೆ 3,500 ರೂಪಾಯಿ. ಆ ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ, ಅಂದರೆ ಇನ್ನೊಂದು 630. ಅದಕ್ಕೇ ಮಾರ್ಕಪ್ ಕಡಿಮೆ ಇರುವ ಕಾರ್ಡು ಹುಡುಕು. ಇಲ್ಲ, ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿಗೆ ಸಿಂಗಾಪುರ ಡಾಲರನ್ನೇ ತುಂಬಿಸು. ಅಮೆರಿಕದ ಡಾಲರ್ ತುಂಬಿಸಿಕೊಂಡು ಸಿಂಗಾಪುರದಲ್ಲಿ ಉಜ್ಜಿದರೆ ಮತ್ತೆ ಕತ್ತರಿ ಬೀಳುತ್ತೆ.”

ರಾಜಿ ಬಾಯಿ ಹಾಕಿದಳು. “ಇಷ್ಟೆಲ್ಲಾ ಯಾಕೆ? ವಿದೇಶದ ಸಂಪಾದನೆ ಇಡೋ ಎನ್‌ಆರ್‌ಇ ಖಾತೆ ತೆರೆದುಬಿಡು. ಬಡ್ಡಿಗೆ ಟ್ಯಾಕ್ಸೇ ಇಲ್ಲವಂತೆ.”

“ಆಗಾಗ ವಿಮಾನ ಹತ್ತಿದ ಮಾತ್ರಕ್ಕೆ ಎನ್‌ಆರ್‌ಐ, ಅಂದರೆ ಅನಿವಾಸಿ ಭಾರತೀಯ, ಆಗಲ್ಲ ತಾಯಿ! ಅಲ್ಲೇ ಕೆಲಸ ಹಿಡಿದು ನೆಲೆಸಬೇಕು. ಹಾಗೆ ನೆಲೆಸಿದರೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಇಲ್ಲಿನ ದುಡ್ಡಿನ ಖಾತೆ, ಮಾಡಿಸಬೇಕು. ಅದರ ಬಡ್ಡಿಗೆ ಟ್ಯಾಕ್ಸ್ ಇದ್ದೇ ಇದೆ.”

ರಾಜಿ ತೆಪ್ಪಗಾದಳು. ಇಷ್ಟು ಬೇಗ ಅವಳು ಸೋತದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಸೀನನಿಗೆ ಇನ್ನೊಂದು ಗೋಳು. ಅಲ್ಲಿ ಇಳಿದ ಕೂಡಲೇ ಇಲ್ಲಿನ ಸಿಮ್ ತೆಗೆದು ಅಲ್ಲಿನದು ಹಾಕುತ್ತಾನೆ. ಆನ್‌ಲೈನಲ್ಲಿ ದುಡ್ಡು ಕಟ್ಟುವಾಗ ಬ್ಯಾಂಕು ಕಳಿಸುವ ಒಟಿಪಿ ಮಾತ್ರ ಹಳೇ ನಂಬರಿಗೇ ಹೋಗುತ್ತೆ. ಸಿಮ್ಮು ಪರ್ಸಿನಲ್ಲಿ, ಫೋನು ಕೈಯಲ್ಲಿ, ಸೀನ ಒಟಿಪಿಯ ದಾರಿ ಕಾಯುತ್ತಾ ಕೂತಿರುತ್ತಾನೆ.

“ಹೋಗಲಿ, ಮನೆಯಲ್ಲಿ ಉಳಿದಿರುವ ವಿದೇಶಿ ದುಡ್ಡು ಏನು ಮಾಡಲಿ?”

“ನೋಟು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು. ಜಾಸ್ತಿಯಿದ್ದರೆ ವಾಪಸು ಬಂದ 180 ದಿನದೊಳಗೆ ಮಾರಿಬಿಡಬೇಕು. ನಾಣ್ಯಕ್ಕೆ ಮಿತಿಯೇ ಇಲ್ಲ, ಎಷ್ಟಾದರೂ ಇಟ್ಟುಕೋ.”

“ಅಬ್ಬಾ, ಎಷ್ಟು ಉದಾರ ಕಾನೂನು!”

“ಉದಾರವೇನು ಬಂತು? ಮನಿ ಚೇಂಜರ್‌ಗಳು ನಾಣ್ಯ ಮುಟ್ಟೋದೇ ಇಲ್ಲ, ಇಟ್ಟುಕೊಳ್ಳದೆ ಏನು ಮಾಡ್ತೀಯ?” ಎಂದು ಗೋಪಿ ಬಿಲ್ಲನ್ನು ಸೀನನ ಕಡೆ ತಳ್ಳಿದ. “ಇದಕ್ಕೆ ಮಾತ್ರ ರೂಪಾಯಿಯಲ್ಲೇ ಕೊಡು.”