ಕಳ್ಳನನ್ನು ಬಿಡು, ಅಜ್ಜಿಯನ್ನು ಹಿಡಿ

ಪುಟ್ಟ, ಇದು ನಿನಗೆ. ಇಷ್ಟನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್. ಉದ್ದ ಆಯಿತು ಅಂತ ಅನಿಸಿದವರು ಸ್ಪೀಡ್ ಜಾಸ್ತಿ ಮಾಡಿ ಕೇಳಿ, ನನಗೇನೂ ಬೇಜಾರಿಲ್ಲ.

ಪುಟ್ಟ ಗ್ರೂಪಿಗೆ ಹಾಕಿದ ಕಥೆ ಓದದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ವಿಟ್ಲಪಿಂಡಿ, ಅಂದರೆ ಕೃಷ್ಣಾಷ್ಟಮಿಯ ಮಾರನೇ ದಿನ, ಉಡುಪಿ ರಥಬೀದಿ. ಅಮ್ಮ, ಅಜ್ಜಿ, ಆರು ವರ್ಷದ ಅಕ್ಕ, ನಾಲ್ಕು ವರ್ಷದ ತಮ್ಮ. ತಮ್ಮನಿಗೆ ಕೃಷ್ಣವೇಷ. ಚಿನ್ನದ ರಥ ಬರುವಾಗ ನೂಕುನುಗ್ಗಲು, ನೋಡಿದರೆ ಮಗು ಇಲ್ಲ. ಅಮ್ಮನಿಗೆ ಕೈ ಹಿಡಿದಿದ್ದೆನೋ ಬಿಟ್ಟಿದ್ದೆನೋ ಅಂತಲೇ ನೆನಪಿಲ್ಲ. ಕೊನೆಗೆ ಹುಲಿವೇಷ ಹಾಕಿದವನೇ ಕಳ್ಳ. ಇಷ್ಟು. ಅದಕ್ಕೆ ಭಾವ, ನೀವು ಕೇಳಿದ್ದು, "ಯಾವ ತಾಯಿ ಮಾರಾಯ ಹೀಗೆ ಮರೆಯುವುದು? ನಂಬಲಿಕ್ಕೆ ಆಗುವುದಿಲ್ಲ" ಅಂತ. ಉಳಿದವರೆಲ್ಲ ಸೂಪರ್ ಸೂಪರ್ ಅಂತ ಹೂ ಕಳಿಸಿದ್ದೀರಿ.

ಭಾವ, ತಪ್ಪು ತಿಳಿಯಬೇಡಿ. ಇಡೀ ಕಥೆಯಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ. ಕೋರ್ಟಿನಲ್ಲಿ ಸಾಕ್ಷಿಕಟ್ಟೆ ಹತ್ತಿದವರು ಸುಳ್ಳು ಹೇಳುವುದನ್ನು ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ನೋಡಿದ್ದು, ಸತ್ಯ ಅಂತಲೇ ನಂಬಿ ಆಗದೇ ಇದ್ದದ್ದನ್ನು ಹೇಳುವವರನ್ನು. ಪಾಟಿ ಸವಾಲಿನಲ್ಲಿ ಸುಳ್ಳುಗಾರ ತಡವರಿಸುತ್ತಾನೆ. ಇವರು ತಡವರಿಸುವುದೇ ಇಲ್ಲ. ಪುಟ್ಟ, ನಿನ್ನ ಕಥೆಯ ಹೆದರಿಕೆ ಇರುವುದು ಅಲ್ಲಿ. ಕಳ್ಳನಲ್ಲಿ ಅಲ್ಲ.

ಮೊದಲು ಆ ಹುಲಿಯನ್ನು ತೆಗೆದುಬಿಡು. ಮೈಪೂರ್ತಿ ಬಣ್ಣ ಬಳಿದುಕೊಂಡವನು ಮಗುವನ್ನು ಎತ್ತಿಕೊಂಡರೆ ಮಗುವಿಗೆ ಹಳದಿ, ರಿಕ್ಷಾ ಸೀಟಿಗೆ ಹಳದಿ, ಬಾಗಿಲಿಗೂ ಹಳದಿ. ಪೊಲೀಸರು ಬಣ್ಣದ ಜಾಡು ಹಿಡಿದುಕೊಂಡು ಅರ್ಧ ಗಂಟೆಯಲ್ಲಿ ಮನೆ ಬಾಗಿಲಿಗೆ ಬರುತ್ತಾರೆ. ತಂಡದಲ್ಲಿ ಕುಣಿಯುವವರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇದ್ದೇ ಇರುತ್ತದೆ. ತಾಸೆ ಬಡಿಯುತ್ತಿರುವಾಗ ಒಬ್ಬ ಹುಲಿ ಕಾಣೆಯಾದರೆ ಯಾರಿಗೂ ಗೊತ್ತಾಗುವುದಿಲ್ಲವಾ? ಅದೂ ಅಲ್ಲದೆ ಹರಕೆ ಹೇಳಿಕೊಂಡು ವೇಷ ಹಾಕುವವರು ಎಷ್ಟು ಜನ ಇದ್ದಾರೆ. ಅವರನ್ನು ಕಳ್ಳ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನಿನ್ನ ಕೈಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಉಂಟು, ನೀನೇ ಗಮನಿಸಲಿಲ್ಲ. ಆ ಮಗು ಹಾಕಿದ್ದು ಕೃಷ್ಣವೇಷ. ಅಷ್ಟಮಿಗೆ ರಥಬೀದಿಯಲ್ಲಿ ಎಷ್ಟು ಮುದ್ದುಕೃಷ್ಣರು ಓಡಾಡುತ್ತಾರೆ, ನೋಡಿದ್ದೀಯಲ್ಲ? ಪೊಲೀಸರು ಗುರುತು ಕೇಳುತ್ತಾರೆ. ಅಮ್ಮ ಹೇಳುತ್ತಾಳೆ: ಹಳದಿ ಪಂಚೆ, ತಲೆಗೆ ನವಿಲುಗರಿ, ಕೈಯಲ್ಲಿ ಕೊಳಲು, ಮುಖಕ್ಕೆ ನೀಲಿ ಬಣ್ಣ. ಹೇಳಿ ತಿರುಗಿ ನೋಡಿದರೆ ಎದುರಿಗೇ ಅಂಥವರು ಹತ್ತು ಜನ. ಒಂದು ಮಗು ಚಕ್ಕುಲಿ ತಿನ್ನುತ್ತಿದೆ, ಇನ್ನೊಂದು ಅಪ್ಪನ ಹೆಗಲ ಮೇಲೆ ನಿದ್ದೆ ಮಾಡಿದೆ. ನೋಡಿದ್ದೀರಾ ಅಂತ ಯಾರನ್ನು ಕೇಳಿದರೂ "ಹೌದು, ಈಗಷ್ಟೇ ನೋಡಿದೆ" ಅನ್ನುತ್ತಾರೆ. ಒಬ್ಬರು ಕನಕನ ಕಿಂಡಿ ಹತ್ತಿರ, ಒಬ್ಬರು ಮಧ್ವಸರೋವರದ ಕಡೆ, ಇನ್ನೊಬ್ಬರು ಗುರ್ಜಿ ಕೆಳಗೆ, ಮೊಸರುಕುಡಿಕೆ ಒಡೆಯುವಲ್ಲಿ. ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರೂ ನೋಡಿದ್ದು ಕೃಷ್ಣನನ್ನೇ.

ಮತ್ತೆ ಫೋಟೋ. ಬೆಳಿಗ್ಗೆ ಅಮ್ಮ ಮಗುವಿನ ಜೊತೆ ಸೆಲ್ಫಿ ತೆಗೆದಿದ್ದಾಳೆ ಅಂತ ನೀನೇ ಬರೆದಿದ್ದೀ. ಅದನ್ನು ಸುಮ್ನೆ ಬಿಟ್ಟಿದ್ದೀ. ಬಾಡಿಗೆಗೆ ತಂದ ಕಿರೀಟ ತಲೆಗೆ ಸಡಿಲ. ಅಮ್ಮ ಕಿವಿಯ ಹಿಂದೆ ಕೂದಲಿಗೆ ಸೇರಿಸಿ ಒಂದು ಪಿನ್ನು ಹಾಕಿದ್ದಾಳೆ. ಮಗು "ನೋಯುತ್ತದೆ" ಅಂದಿದೆ. ಪಿನ್ನು ಹಾಕಿದ್ದು ಎಡಕ್ಕೆ ಅಂತ ಅವಳ ಕೈಗೆ ನೆನಪುಂಟು. ಫೋಟೋದಲ್ಲಿ ನೋಡಿದರೆ ಬಲಕ್ಕೆ. ಕೆಲವು ಫೋನುಗಳಲ್ಲಿ ಮುಂದಿನ ಕ್ಯಾಮೆರಾ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಯೇ ಉಳಿಸುತ್ತದಲ್ಲ, ಅಷ್ಟೇ ವಿಷಯ. ಆದರೆ ಆ ಹೊತ್ತಿಗೆ ಅದು ಯಾರಿಗೆ ಹೊಳೆಯುತ್ತದೆ? ಪೊಲೀಸರು ಅವಳ ಮುಖ ನೋಡುತ್ತಾರೆ. ಗಂಡ ನೋಡುತ್ತಾನೆ. ಇವಳಿಗೆ ಇದೇ ನೆನಪಿಲ್ಲದಿದ್ದರೆ ಕೈ ಹಿಡಿದದ್ದು ಎಲ್ಲಿ ನೆನಪಿರುತ್ತದೆ ಅಂತ. ಸ್ವಲ್ಪ ಹೊತ್ತಿಗೆ ಅವಳೇ "ಹೌದು, ಬಲಕ್ಕೇ ಹಾಕಿದ್ದು" ಅನ್ನುತ್ತಾಳೆ. ಭಾವ, ಇಲ್ಲಿ ಓದುವವರಿಗೆ ಮೈ ಜುಂ ಅನ್ನುತ್ತದೋ ಇಲ್ಲವೋ ನೀವೇ ಹೇಳಿ.

ಇನ್ನು ಆ ಆರು ವರ್ಷದ ಅಕ್ಕ. ಅವಳನ್ನು ನೀನು ಎರಡನೇ ಪುಟದಲ್ಲಿ ಅಳಿಸಿ ಮಲಗಿಸಿಬಿಟ್ಟಿದ್ದೀ. ಅಲ್ಲ ಮಾರಾಯ, ಇಡೀ ಕಥೆ ನಿಲ್ಲಬೇಕಾದದ್ದೇ ಅವಳ ಮೇಲೆ. ತಮ್ಮನ ಪಕ್ಕದಲ್ಲಿ ನಿಂತವಳು ಅವಳೊಬ್ಬಳೇ. ಮೊದಲ ದಿನ ಕೇಳಿದರೆ "ಗೊತ್ತಿಲ್ಲ" ಅನ್ನುತ್ತಾಳೆ. ಅಜ್ಜಿ ಪಾಪ, ಪ್ರೀತಿಯಿಂದಲೇ, ರಾತ್ರಿ ತಲೆಗೆ ಎಣ್ಣೆ ಹಚ್ಚುತ್ತಾ ಕೇಳುತ್ತಾರೆ, "ಯಾರಾದರೂ ಮಾಮ ಬಂದು ಕರೆದರಾ ಪುಟ್ಟೀ?" ಮಗು ತಲೆಯಾಡಿಸುತ್ತದೆ. ಮಾರನೇ ದಿನ, "ಮಾಮನ ಅಂಗಿ ಕೆಂಪಾ?" ಹೂಂ. ಆಮೇಲೆ, "ಬಸ್ಸು ಹತ್ತಿದರಾ?" ಹೂಂ. ವಾರದೊಳಗೆ ಕೆಂಪು ಅಂಗಿಯ ಮಾಮ, ಬಸ್ಸು, ಚಾಕಲೇಟು ಎಲ್ಲ ತಯಾರು. ಈಗ ಮಗು ತಾನಾಗಿಯೇ ಹೇಳುತ್ತದೆ, ಒಂದಕ್ಷರ ಆಚೀಚೆ ಆಗದ ಹಾಗೆ. ಹುಡುಕುವವರೆಲ್ಲ ಕುಂದಾಪುರದ ಕಡೆಗೆ ಓಡುತ್ತಾರೆ. ಪ್ರತಿಯೊಂದು ಪ್ರಶ್ನೆಯೊಳಗೂ ಅಜ್ಜಿಯೇ ಉತ್ತರ ಇಟ್ಟುಕೊಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜಿಗೂ ಸೇರಿ.

ಇದು ನಾನು ಕಟ್ಟಿ ಹೇಳುವುದಲ್ಲ. 1995ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಜೊತೆಯವರು ಒಂದು ಪ್ರಯೋಗದ ಬಗ್ಗೆ ಬರೆದರು. ದೊಡ್ಡವರು 24 ಜನ. ಅವರ ಮನೆಯವರಿಂದಲೇ ಬಾಲ್ಯದ ಮೂರು ನಿಜ ಘಟನೆ ಕೇಳಿಕೊಂಡು, ನಾಲ್ಕನೆಯದಾಗಿ ಒಂದು ಸುಳ್ಳು ಸೇರಿಸಿದರು. "ನೀನು ಐದು ವರ್ಷದವನಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದೆ, ಅಳುತ್ತಿದ್ದೆ, ಒಬ್ಬರು ವಯಸ್ಸಾದ ಹೆಂಗಸು ಸಮಾಧಾನ ಮಾಡಿದರು" ಅಂತ. ಸುಮಾರು ಕಾಲು ಭಾಗ ಜನ ಪೂರ್ತಿಯೋ ಅರ್ಧವೋ "ನೆನಪುಂಟು" ಅಂದರು. ಆಗದೇ ಇದ್ದದ್ದು! ಮತ್ತೆ ಐರ್ಲೆಂಡಿನವರು 123 ಜನರ ಮೇಲೆ ಅದನ್ನೇ ಮಾಡಿ ನೋಡಿದರು, 2023ರಲ್ಲಿ ಬಂತು. ಅಲ್ಲಿ 35 ಶೇಕಡಾ. ದೊಡ್ಡವರದ್ದೇ ಹೀಗೆ. ಆರು ವರ್ಷದ ಮಗುವಿಗೆ ಅಜ್ಜಿ ದಿನಾ ಕೇಳಿದರೆ ಎಂತ ಆಗಬೇಕು? ಕಳೆದುಹೋದ ಮಗುವಿನ ಕಥೆಗೆ ಕಳೆದುಹೋದ ನೆನಪಿನದ್ದೇ ಪ್ರಯೋಗ ಸಿಕ್ಕಿದೆ, ಬಳಸಿಕೊ.

ಒಂದು ನಿಮಿಷ, ಗೇಟಿನ ಹತ್ತಿರ ಯಾರೋ... ಆಂ, ಮೀನಿನವಳು. ಆಯಿತು.

ಕಾನೂನಿನ ಕಡೆ ಒಂದೆರಡು ಸರಿ ಮಾಡಿಕೊ. "24 ಗಂಟೆ ನೋಡುವ, ಬಂದರೂ ಬಂದಾನು" ಅಂತ ನಿನ್ನ ಎಸ್‌ಐ ಹೇಳುತ್ತಾನೆ. ಮಕ್ಕಳ ವಿಷಯದಲ್ಲಿ ಹಾಗೆ ಕಾಯಿಸುವ ಹಾಗೇ ಇಲ್ಲ. 2013ರಲ್ಲಿ ಬಚಪನ್ ಬಚಾವೋ ಆಂದೋಲನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಮಗು ಕಾಣೆ ಅಂತ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು, ಅಪಹರಣ ಅಥವಾ ಸಾಗಾಟ ಅಂತಲೇ ತಿಳಿದು ತನಿಖೆ ಶುರು ಮಾಡಬೇಕು ಅಂತ. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಕೇಸು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗುತ್ತದೆ. ಆ ಠಾಣೆ ಈ ಠಾಣೆ ಅಂತ ಓಡಿಸಲಿಕ್ಕೂ ಇಲ್ಲ, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098, ತುರ್ತು ಕರೆಯ 112, ಎರಡೂ ನಂಬರ್ ಕಥೆಯಲ್ಲಿ ಎಲ್ಲಾದರೂ ಬರಲಿ. ಹಾಗಂತ ನಿನ್ನ ಎಸ್‌ಐ ಕಾಯಿಸಬಾರದು ಅಂತ ಅಲ್ಲ. ಕಾಯಿಸಲಿ, ಆದರೆ ಅದು ತಪ್ಪು ಅಂತ ಅವನಿಗೇ ಗೊತ್ತಿರಲಿ. ಆಗ ಆ ಪಾತ್ರಕ್ಕೂ ಒಂದು ಭಯ ಬರುತ್ತದೆ.

ಮತ್ತೆ ಸುರತ್ಕಲ್ ಟೋಲ್‌ನ ಸಿಸಿಟಿವಿ! ಪುಟ್ಟ, ಕಥೆ ಈ ವರ್ಷದ್ದು ಅಂದೆ. ಅಲ್ಲಿ ಟೋಲ್ ವಸೂಲಿ 2022ರ ಡಿಸೆಂಬರ್‌ಗೇ ನಿಂತಿತಲ್ಲ, ಅಷ್ಟು ದೊಡ್ಡ ಹೋರಾಟ ಆಗಿ. ಹೆಜಮಾಡಿ ಟೋಲ್ ಹಾಕು. ಮಗು ಬಡಗು ಕಡೆ ಹೋಗಿದೆ ಅಂತ ಅಂದುಕೊಳ್ಳುವುದಾದರೆ ಸಾಸ್ತಾನ. ಊರಿನವರು ಓದುವಾಗ ಇಂಥದ್ದೇ ಮೊದಲು ಕಣ್ಣಿಗೆ ಬೀಳುವುದು.

ಕೊನೆಗೆ ಒಂದು, ಅದು ನಮ್ಮ ಗ್ರೂಪಿಗೂ ಸೇರಿದ್ದು. ಕಥೆಯಲ್ಲಿ ಮಗು ಕಾಣೆಯಾದ ಸುದ್ದಿ ಫಾರ್ವರ್ಡ್ ಆಗುವುದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀ. ಅದನ್ನು ಬೆಳೆಸು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಆದದ್ದು ನೆನಪುಂಟಾ? ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಅಂತ ಮೆಸೇಜು ಹಬ್ಬಿತು. ಜನ ಕಾರನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು, ಒಬ್ಬ ಸತ್ತೇಹೋದ. ಆ ವರ್ಷ ಎಲ್ಲ ಕಡೆ ಓಡಾಡಿದ ಒಂದು ವಿಡಿಯೋ ಇತ್ತು, ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಾಡಿದ ಜಾಗೃತಿಯ ಜಾಹೀರಾತು. ಪೂರ್ತಿ ವಿಡಿಯೋದಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಒಂದು ಬೋರ್ಡ್ ತೋರಿಸುತ್ತಾರೆ. ಆ ಭಾಗವನ್ನು ಯಾರೋ ಕತ್ತರಿಸಿ ಕಳಿಸಿದ್ದರು. ಆಮೇಲೆಯೇ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಾಡಿದ್ದು.

ಈಗ ನೋಡು. ನಿನ್ನ ಕಥೆಯಲ್ಲಿ ಅಜ್ಜಿ ಹುಟ್ಟಿಸಿದ ಕೆಂಪು ಅಂಗಿ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಅಲ್ಲಿಂದ ಹೊರಗೆ ಹೋಗುತ್ತದೆ. ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಒಬ್ಬ ಕೆಂಪು ಅಂಗಿ ಹಾಕಿಕೊಂಡು, ಅಳುವ ತನ್ನದೇ ಮಗುವನ್ನು ಎತ್ತಿಕೊಂಡು ನಿಂತಿದ್ದಾನೆ. ಇಂಟರ್‌ವಲ್ ಅಲ್ಲಿ ಇಡು.

ಮಗು ನಿಜಕ್ಕೂ ಎಲ್ಲಿ ಹೋಯಿತು ಅನ್ನುವುದು ನಿನಗೆ ಬಿಟ್ಟದ್ದು. ನನ್ನ ತಲೆಯಲ್ಲಿ ಒಂದು ಉಂಟು, ಇಲ್ಲಿ ಹೇಳುವುದಿಲ್ಲ. ತಿದ್ದಿದ ಮೇಲೆ ನನಗೆ ಪ್ರತ್ಯೇಕ ಕಳಿಸು, ಗ್ರೂಪಿಗೆ ಹಾಕಬೇಡ. ಇಲ್ಲಿ ಹಾಕಿದರೆ ಭಾವ ಕೊನೆಯ ಪುಟ ಮೊದಲು ಓದಿ ಎಲ್ಲರಿಗೂ ಹೇಳಿಬಿಡುತ್ತಾರೆ.